ನನ್ನ ಹತ್ತಿರ ಒಂದು ಜಲಶೋಧಕ ಇದೆ

ನಿಲ್ಲಿ, ಪುಟ ತಿರುಗಿಸಬೇಡಿ. ಒಲೆಯ ಮೇಲೆ ಏನಾದರೂ ಇದ್ದರೆ ಆರಿಸಿ ಬನ್ನಿ, ಕಾಯುತ್ತೇನೆ. ಬಂದಿರಾ? ಸರಿ, ಈಗ ಇದನ್ನು ಕೊನೆಯವರೆಗೂ ಕೇಳಲೇಬೇಕು. ಯಾಕೆಂದರೆ ಅರ್ಧ ಕೇಳಿ ಎದ್ದು ಹೋದವರಲ್ಲಿ ಕೆಲವರು ನನ್ನನ್ನು ಮಹಾಜ್ಞಾನಿ ಅನ್ನುತ್ತಿದ್ದಾರೆ, ಉಳಿದವರು ಮಹಾಕಳ್ಳ ಅನ್ನುತ್ತಿದ್ದಾರೆ. ನಾನು ಎರಡೂ ಅಲ್ಲ. ಕನ್ನಡಕದ ಅಂಗಡಿಯಲ್ಲಿ ಕೂತು ಚೌಕಟ್ಟಿಗೆ ಗಾಜು ಕೂರಿಸುವವನು. ಊರವರಿಗೆಲ್ಲ ಕಣ್ಣು ಕಾಣುವ ಹಾಗೆ ಮಾಡುತ್ತೇನೆ, ನನಗೆ ಮಾತ್ರ ಕತ್ತಲೆಂದರೆ ಕೈಕಾಲು ಆಡುವುದಿಲ್ಲ.

ಆ ಭಯವಿದ್ದದ್ದು ತಪ್ಪಲ್ಲ. ಅದು ನನ್ನ ಭಾಮೈದನಿಗೆ ಗೊತ್ತಿದ್ದದ್ದೇ ತಪ್ಪಾಯಿತು.

ಹೆಂಡತಿಯ ತಮ್ಮ ಬೆಟ್ಟ ಹತ್ತುವವನು. ರಜೆ ಸಿಕ್ಕರೆ ಸಾಕು, ಬೆನ್ನಿಗೊಂದು ಚೀಲ ಏರಿಸಿ ಯಾವುದಾದರೂ ಬಂಡೆಯ ತುದಿಯಲ್ಲಿ ನಿಂತು ಎರಡೂ ಕೈ ಚಾಚಿಕೊಂಡ ಫೋಟೋ ಕಳಿಸುತ್ತಾನೆ. ಒಂದು ದಿನ ನಮ್ಮ ಮನೆಗೆ ಬಂದವನು ಕುರ್ಚಿಯಲ್ಲಿ ಹಿಂದಕ್ಕೊರಗಿ, "ಅಕ್ಕಾ, ಬರೋ ಭಾನುವಾರ ನಮ್ಮ ಗುಂಪು ಬೆಟ್ಟಕ್ಕೆ ಹೊರಟಿದೆ. ರಾತ್ರಿ ಅಲ್ಲೇ ಮಲಗೋದು. ಬರ್ತೀಯಾ?" ಎಂದ.

"ನನ್ನೊಬ್ಬಳನ್ನೇ ಕರೀತೀಯಲ್ಲೋ, ನಿನ್ನ ಭಾವನ್ನ ಕರೆಯಲ್ವಾ?"

"ಭಾವಾನಾ?" ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕರೆಂಟ್ ಹೋದ್ರೆ ಬಚ್ಚಲಿಗೆ ಹೋಗೋಕೆ ನಿನ್ನ ಸೆರಗು ಹಿಡ್ಕೋತಾರೆ. ಬೆಟ್ಟದ ಮೇಲೆ ಯಾರ ಸೆರಗು ಹಿಡೀತಾರಂತೆ?"

ಹೆಂಡತಿ ನಗಬಾರದಿತ್ತು. ನಕ್ಕಳು. ನಕ್ಕಿದ್ದಷ್ಟೇ ಅಲ್ಲ, ನಗು ತಡೆಯಲು ಬಾಯಿಗೆ ಕೈ ಅಡ್ಡ ಇಟ್ಟಳು. ಅದೇ ನನ್ನ ಮರ್ಮಕ್ಕೆ ತಾಗಿದ್ದು.

"ನಾನೂ ಬರ್ತೀನಿ," ಅಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. "ಬರೋದಷ್ಟೇ ಅಲ್ಲ. ಬೆಳಕು, ನೀರು, ಎರಡರ ಜವಾಬ್ದಾರೀನೂ ನಂದೇ. ನಿಮ್ಮ ಗುಂಪಿನೋರು ಬರಿಗೈಯಲ್ಲಿ ಬರ್ಲಿ. ಏನು ಬೇಕು, ಎಂಥದ್ದು ಬೇಕು, ಎಲ್ಲಾ ನಂಗೊತ್ತು."

"ಭಾವಾ, ನೀರಂದ್ರೆ ಹೊತ್ಕೊಂಡು ಹೋಗೋದಲ್ಲ. ಹಳ್ಳದ ನೀರು ಕುಡಿಯೋ ಹಾಗೆ ಮಾಡ್ಬೇಕು."

"ಹಳ್ಳ ಏನು, ಚರಂಡಿ ನೀರನ್ನೂ ಮಾಡಿಕೊಡ್ತೀನಿ," ಎಂದು ಎದ್ದು ಒಳಗೆ ಹೋದೆ. ಒಳಗೆ ಹೋಗಿ ಏನು ಮಾಡಬೇಕೆಂದು ಗೊತ್ತಾಗದೆ ಸ್ವಲ್ಪ ಹೊತ್ತು ಬೀರು ತೆರೆದು ನಿಂತೆ.

ಮಾರನೆಯ ದಿನ ಬೆಟ್ಟದ ಸಾಮಾನು ಮಾರುವ ಅಂಗಡಿಗೆ ಹೋದೆ. ಅಲ್ಲಿ ಒಬ್ಬಳು ಹುಡುಗಿ, ಉಸಿರು ತೆಗೆದುಕೊಳ್ಳದೆ ಮಾತಾಡುವವಳು.

"ಏನ್ ಬೇಕು ಸರ್?"

"ಒಂದು ಬ್ಯಾಟ್ರಿ."

"ಬ್ಯಾಟ್ರಿ ಅಂದ್ರೆ ಬ್ಯಾಟ್ರೀನಾ, ಬ್ಯಾಟ್ರಿಗೆ ಹಾಕೋ ಬ್ಯಾಟ್ರೀನಾ?"

"ಬ್ಯಾಟ್ರಿ ಸಮೇತ ಇರೋ ಬ್ಯಾಟ್ರಿ."

ಅವಳು ಮೇಜಿನ ಮೇಲೆ ಟಾರ್ಚುಗಳ ಮೆರವಣಿಗೆಯನ್ನೇ ಇಟ್ಟಳು. ಒಂದರ ಬೆಳಕು ಈಟಿಯ ಹಾಗೆ ದೂರ ಹೋಗುತ್ತದಂತೆ, ಆದರೆ ಕಾಲ ಕೆಳಗಿನ ಹಾವು ಕಾಣುವುದಿಲ್ಲವಂತೆ. ಇನ್ನೊಂದರ ಬೆಳಕು ಚಾಪೆಯ ಹಾಗೆ ಹರಡುತ್ತದಂತೆ, ಹಾವು ಕಾಣುತ್ತದೆ, ಎದುರಿನ ಪ್ರಪಾತ ಕಾಣುವುದಿಲ್ಲವಂತೆ. "ನಿಮಗೆ ಯಾವುದರ ಭಯ ಜಾಸ್ತಿ ಸರ್? ಅದನ್ನ ನೋಡಿ ಆರಿಸ್ಕೊಳ್ಳಿ."

ನನಗೆ ಎರಡರ ಭಯವೂ ಇತ್ತು. ಆ ಅಂಗಡಿಗೆ ಬಂದ ಮೇಲೆ ಹೊಸದಾಗಿ ಹುಟ್ಟಿದ ಭಯಗಳು ಬೇರೆ. ಅವಳು ಒಂದಾದ ಮೇಲೊಂದು ನನ್ನ ಮುಖಕ್ಕೆ ಹಿಡಿದು, "ಇದು ಚೆನ್ನಾಗಿದೆಯಾ, ಇದಾ? ಇದಾ, ಇದಾ?" ಎಂದು ಕೇಳತೊಡಗಿದಾಗ ನನ್ನ ಅಂಗಡಿಯಲ್ಲಿ ಕೂತು ಅಕ್ಷರದ ಹಲಗೆ ನೋಡುವ ಗಿರಾಕಿಗಳೆಲ್ಲ ನೆನಪಾದರು. ಪಾಪ, ಅವರೂ ಹೀಗೇ ಏನೂ ಗೊತ್ತಾಗದೆ "ಇದು" ಅಂದುಬಿಡುತ್ತಾರೇನೋ.

"ಇದು," ಅಂದೆ.

ಅದು ತಲೆಗೆ ಕಟ್ಟುವ ದೀಪವಾಗಿತ್ತು. ಹಣೆಯ ಮೇಲೊಂದು ದೀಪ, ಸುತ್ತ ಎಳೆದರೆ ಹಿಗ್ಗುವ ಪಟ್ಟಿ. ಒತ್ತಿದರೆ ಜೋರು ಬೆಳಕು, ಮತ್ತೆ ಒತ್ತಿದರೆ ಮಂದ ಬೆಳಕು, ಮತ್ತೆ ಒತ್ತಿದರೆ ಕೆಂಪು. "ಕೆಂಪು ಯಾಕಮ್ಮಾ?" "ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡದೆ ಇರ್ಲಿ ಅಂತ ಸರ್. ಆಮೇಲೆ ಚಾರ್ಜ್ ಮುಗೀತಾ ಬಂದ್ರೆ ತಾನಾಗೇ ಕೆಂಪು ಮಿಟುಕುತ್ತೆ, ಗಾಬರಿ ಬೀಳ್ಬೇಡಿ." ಇದನ್ನು ದಯವಿಟ್ಟು ನೆನಪಿಡಿ. ನಾನು ಮರೆತುಬಿಟ್ಟೆ.

ನೀರಿನ ಫಿಲ್ಟರ್ ಆರಿಸುವುದು ಇನ್ನೂ ಕಷ್ಟವಾಯಿತು. ಹೀರುವ ಕೊಳವೆ ಬೇಕಾ, ಹಿಂಡುವ ಚೀಲ ಬೇಕಾ? ನಿಂತ ನೀರಾ, ಹರಿಯುವ ನೀರಾ? ಬರೀ ಮಣ್ಣಾ, ಕ್ರಿಮಿಯಾ? "ಕ್ರಿಮಿ ತಡೆಯುತ್ತೆ ಸರ್, ಉಪ್ಪು, ಔಷಧಿ, ಕಾರ್ಖಾನೆ ವಿಷ ತಡೆಯಲ್ಲ. ನೀವು ಹೋಗೋ ಕಡೆ ಕಾರ್ಖಾನೆ ಇದ್ಯಾ?" ನನಗೆ ಬೆಟ್ಟದ ಹೆಸರೂ ಗೊತ್ತಿರಲಿಲ್ಲ. ಬೆವರು ಒರೆಸಿಕೊಂಡು ಹಿಂಡುವ ಚೀಲ ತೆಗೆದುಕೊಂಡೆ. ಚೀಲಕ್ಕೆ ಕೊಳಕು ನೀರು ತುಂಬಿ, ಬಾಯಿಗೆ ಗಿಡ್ಡನೆಯ ಉರುಳೆ ಸಿಕ್ಕಿಸಿ ಹಿಂಡಿದರೆ ಇನ್ನೊಂದು ತುದಿಯ ಉದ್ದ ನಳಿಕೆಯಲ್ಲಿ ಶುದ್ಧ ನೀರು. ಇಷ್ಟೇ ಅದರ ವಿದ್ಯೆ.

ಇನ್ನು ನಮ್ಮ ಕಟ್ಟಡದ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಾಲ್ಕು ಮಹಡಿಯ ಕಟ್ಟಡ, ನಾವು ಮೇಲಿನ ಮಹಡಿ. ನಲ್ಲಿಗಳು ಕೆಮ್ಮುತ್ತವೆ, ನೀರು ಬಿಡುವುದಿಲ್ಲ. ಬೀದಿಯ ಕೊನೆಗೆ ಬರುವ ಲಾರಿಯಿಂದ ಬಕೆಟ್ ಹೊತ್ತು ಹೊತ್ತು ನನ್ನ ಹೆಂಡತಿಯ ಒಂದು ಭುಜ ಇನ್ನೊಂದಕ್ಕಿಂತ ಕೆಳಗಾಗಿದೆ ಎಂದು ಅವಳ ದೂರು. ಅಂಗಳದಲ್ಲಿ ಕೊಳವೆ ಬಾವಿ ಕೊರೆಯಲು ಅನುಮತಿ ಸಿಕ್ಕಿತ್ತು, ಆದರೆ ಒಂದೇ ಒಂದಕ್ಕೆ. ಎಲ್ಲಿ ಕೊರೆಯಬೇಕೆಂದು ಎರಡು ವರ್ಷದಿಂದ ಜಗಳ. ಗೇಟಿನ ಹತ್ತಿರ ಅಂದರೆ ಕಾರಿನವರು ಬಿಡುವುದಿಲ್ಲ, ಮೂಲೆಯಲ್ಲಿ ಅಂದರೆ ಗಿಡದವರು ಬಿಡುವುದಿಲ್ಲ, ಬಟ್ಟೆ ಒಣಹಾಕುವ ಕಂಬದ ಹತ್ತಿರ ಅಂದರೆ ಬಟ್ಟೆಯವರು, ಅಂದರೆ ಎಲ್ಲರೂ, ಬಿಡುವುದಿಲ್ಲ.

ಇವರೆಲ್ಲರ ಮೇಲೆ ಮೇಷ್ಟ್ರು. ನೆಲಮಹಡಿಯಲ್ಲಿರುವ ನಿವೃತ್ತ ಭಾಷಾ ಅಧ್ಯಾಪಕರು, ಕಟ್ಟಡದ ಸಂಘಕ್ಕೆ ಅಧ್ಯಕ್ಷರು. ಅವರ ಬಗ್ಗೆ ಎರಡೇ ಸಂಗತಿ ತಿಳಿದರೆ ಸಾಕು. ಒಂದು, ಅವರ ಹಜಾರ. ಈಚೆಗೆ ಹೊಸ ಟೈಲ್ಸ್ ಹಾಕಿಸಿದ್ದಾರೆ, ಚಪ್ಪಲಿ ಇರಲಿ, ಒದ್ದೆ ಕಾಲಿನವರನ್ನೂ ಒಳಗೆ ಬಿಡುವುದಿಲ್ಲ. "ಕೂತು ನೋಡಿ, ಕಡು ಬೇಸಿಗೆಯಲ್ಲೂ ನೆಲ ತಣ್ಣಗೆ! ಫ್ಯಾನೇ ಬೇಡ. ಇದು ನನ್ನ ಆಯ್ಕೆ!" ಎಂದು ಬಂದವರಿಗೆಲ್ಲ ನೆಲ ಮುಟ್ಟಿಸುತ್ತಾರೆ. ಅದನ್ನು ಹೇಳುವಾಗ ಅವರೂ ಫ್ಯಾನು, ಟೈಲ್ಸು ಅನ್ನುತ್ತಾರೆ. ಆದರೆ ಎರಡನೆಯದು, ಫೋನಿನಲ್ಲಿರುವ ನಮ್ಮ ಕಟ್ಟಡದ ಗುಂಪು. ಅಲ್ಲಿ ಪರಭಾಷೆಯ ಒಂದು ಪದ ಬರೆದರೂ ಎಲ್ಲರೆದುರು ತಿದ್ದುತ್ತಾರೆ. ಒಮ್ಮೆ ಎರಡನೇ ಮಹಡಿಯ ನರ್ಸಮ್ಮ "ಗ್ಯಾಸ್ ಲೀಕ್ ಆಗ್ತಿದೆ, ಎಲ್ಲಾ ಹೊರಗೆ ಓಡಿ" ಎಂದು ಬರೆದಾಗ ಮೇಷ್ಟ್ರು ಮೊದಲು "ಅನಿಲ ಸೋರಿಕೆ ಎನ್ನಿ" ಎಂದು ತಿದ್ದಿ, ಆಮೇಲೆ ಓಡಿದ್ದರು.

ಬೆಟ್ಟಕ್ಕೆ ಹೋಗುವ ಮೊದಲು ನಾಲ್ಕು ಜನರೆದುರು ಒಮ್ಮೆ ಪ್ರಯೋಗ ಮಾಡಿ, ಫೋಟೋ ತೆಗೆಸಿ ಭಾಮೈದನಿಗೆ ಕಳಿಸಬೇಕೆಂಬ ಆಸೆ ನನಗೆ. ಗುಂಪಿನಲ್ಲಿ ಬರೆಯಲು ಕೂತೆ. ವಾಟರ್ ಫಿಲ್ಟರ್ ಅಂದರೆ ಮೇಷ್ಟ್ರು ಬಿಡುವುದಿಲ್ಲ. ಯೋಚಿಸಿದೆ. ಅಮ್ಮ ಹಾಲನ್ನು ಬಟ್ಟೆಯಲ್ಲಿ ಶೋಧಿಸುತ್ತಿದ್ದಳಲ್ಲವೇ? ಹಾಗಾದರೆ ನೀರನ್ನು ಶೋಧಿಸುವುದು ಜಲಶೋಧಕ. ಆಹಾ! ನನ್ನ ಬೆನ್ನು ನಾನೇ ತಟ್ಟಿಕೊಂಡು ಟೈಪು ಮಾಡಿದೆ:

"ಎಲ್ಲರ ಗಮನಕ್ಕೆ. ನನ್ನ ಹತ್ತಿರ ಒಂದು ಜಲಶೋಧಕ ಇದೆ. ಇಂದು ಸಂಜೆ ಅಂಗಳದಲ್ಲಿ ಪ್ರಯೋಗ. ಶಿರೋದೀಪವೂ ಇರುತ್ತದೆ. ಆಸಕ್ತರು ಬರಬಹುದು."

ಒಬ್ಬರೋ ಇಬ್ಬರೋ ಬರುತ್ತಾರೆ ಅಂದುಕೊಂಡಿದ್ದೆ. ಸಂಜೆ ಹಣೆಗೆ ದೀಪ ಕಟ್ಟಿ, ಕೊರಳಿಗೆ ನಳಿಕೆ ನೇತುಹಾಕಿಕೊಂಡು ಕೆಳಗಿಳಿದರೆ ಇಡೀ ಕಟ್ಟಡ ಅಂಗಳದಲ್ಲಿತ್ತು. ಕುರ್ಚಿ ಹಾಕಿದ್ದರು. ಹಾಸಿಗೆ ಹಿಡಿದಿದ್ದ ಮೊದಲ ಮಹಡಿಯ ಅಜ್ಜನನ್ನೂ ಎತ್ತಿಕೊಂಡು ಬಂದು ಕೂರಿಸಿದ್ದರು. ನಾನು ಕಾಣಿಸುತ್ತಿದ್ದ ಹಾಗೆ ಎಲ್ಲರೂ ಎದ್ದು ನಿಂತರು, ಅಜ್ಜನನ್ನು ಬಿಟ್ಟು.

ಮೇಷ್ಟ್ರು ಮುಂದೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಇಷ್ಟು ದಿನ ಹೇಳ್ಲೇ ಇಲ್ವಲ್ಲಯ್ಯಾ! ನಮ್ಮ ತಲೆ ಮೇಲೇ ವಾಸ ಮಾಡ್ಕೊಂಡು!"

"ಮೊನ್ನೆ ಮೊನ್ನೆ ತಂದದ್ದು ಸರ್."

"ತಂದದ್ದಲ್ಲ, ಬಂದದ್ದು ಅನ್ನು. ಇಂಥವೆಲ್ಲ ತಂದರೆ ಬರೋದಲ್ಲ. ಆದರೆ ನಿನ್ನ ವಾಕ್ಯದಲ್ಲೊಂದು ದೋಷ ಇತ್ತು. ಬೋಧಿಸೋನು ಬೋಧಕ, ಶೋಧಿಸೋನು ಶೋಧಕ. ಜಲಶೋಧಕ ಅಂದ್ರೆ ನೆಲದೊಳಗಿನ ನೀರನ್ನ ಪತ್ತೆಹಚ್ಚೋ ಮನುಷ್ಯ. 'ಇದೆ' ಅಲ್ಲ, 'ಇದ್ದಾನೆ'. ವಿನಯದಿಂದ ನಿನ್ನನ್ನ ನೀನೇ ವಸ್ತು ಮಾಡ್ಕೊಂಡೆ ಅಂತ ಇವರಿಗೆಲ್ಲ ಆಗಲೇ ವಿವರಿಸಿದ್ದೇನೆ."

ನನಗೆ ಏನೂ ಅರ್ಥವಾಗಲಿಲ್ಲ. ಮೇಷ್ಟ್ರ ಮಾತು ಅರ್ಥವಾಗದಿರುವುದು ನಮ್ಮಲ್ಲಿ ವಿಶೇಷವೂ ಅಲ್ಲ. "ಶುರು ಮಾಡ್ಲಾ ಸರ್? ಮೊದಲು ಸ್ವಲ್ಪ ಕೊಳಕು ನೀರು ಬೇಕಿತ್ತು," ಎಂದೆ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನೀರಿಲ್ದೆ ಇರೋದಕ್ಕೇ ತಾನೇ ನಿಮ್ಮನ್ನ ಕೇಳ್ತಿರೋದು?" ಎಂದಳು ನರ್ಸಮ್ಮ. "ನೀರು ಎಲ್ಲಿದೆ ಅಂತ ನೀವೇ ತೋರಿಸ್ಬೇಕಪ್ಪಾ!"

ಆಗ ನನ್ನ ತಲೆಯೊಳಗೂ ದೀಪ ಹತ್ತಿತು. "ಅಯ್ಯೋ ಅದು ಹಾಗಲ್ಲ" ಎನ್ನುತ್ತ ಹಿಂದೆ ಹಿಂದೆ ಸರಿದವನ ಕಾಲು ಬಟ್ಟೆ ಕಂಬದ ಬುಡದ ಪಾಚಿಯ ಮೇಲೆ ಜಾರಿ, ಕಂಬವನ್ನು ತಬ್ಬಿಕೊಂಡು ನಿಂತೆ. ಅದೇ ಹೊತ್ತಿಗೆ, ಚಾರ್ಜ್ ಮಾಡದೆ ತಂದಿದ್ದ ದೀಪ ಹಣೆಯ ಮೇಲೆ ಕೆಂಪಗೆ ಮಿಟುಕತೊಡಗಿತು. ಮಿಣುಕ್, ಮಿಣುಕ್, ಮಿಣುಕ್.

"ಕೆಂಪು ಬಂತು!" ಎಂದು ಕೂಗಿದ್ದು ಆ ಅಜ್ಜ. ತಿಂಗಳುಗಟ್ಟಲೆ ಮಾತಾಡದಿದ್ದವರು. "ನೋಡ್ರೋ, ಅಲ್ಲೇ! ಕಂಬದ ಬುಡದಲ್ಲೇ! ಕೆಂಪು ಬಂತು!"

ಯಾರೋ ಸುಣ್ಣ ತಂದು ನನ್ನ ಪಾದದ ಸುತ್ತ ಗೆರೆ ಎಳೆದೇಬಿಟ್ಟರು. ಬಟ್ಟೆಯವರು, ಅಂದರೆ ಎಲ್ಲರೂ, ತಂತಿಯ ಮೇಲಿದ್ದ ಬಟ್ಟೆಗಳನ್ನು ತಾವಾಗಿಯೇ ತೆಗೆದುಕೊಂಡರು. ಭಾನುವಾರ ಬೆಳಿಗ್ಗೆ ಕೊರೆಯುವ ಲಾರಿ ಎಂದು ಅಲ್ಲೇ ತೀರ್ಮಾನವಾಯಿತು.

ಭಾನುವಾರ! ನಾನು ಬೆಟ್ಟಕ್ಕೆ ಹೋಗಬೇಕಾದ ದಿನ.

ಮೇಲೆ ಬಂದವನೇ ಗುಂಪಿನಲ್ಲಿ ಬರೆದೆ. "ದಯವಿಟ್ಟು ತಪ್ಪು ತಿಳಿಯಬೇಡಿ. ಅದು ನೀರು ಪತ್ತೆಹಚ್ಚುವ ಯಂತ್ರವಲ್ಲ." ಮೇಷ್ಟ್ರಿಂದ ತಕ್ಷಣ ಉತ್ತರ ಬಂತು. "ಒಪ್ಪಿದೆ. ಯಂತ್ರವಲ್ಲ, ವಿದ್ಯೆ." ಅದರ ಕೆಳಗೆ ಸಾಲು ಸಾಲು ಮುಗಿದ ಕೈಗಳು.

ಓಡಿ ಕೆಳಗೆ ಹೋಗಿ ಬಾಗಿಲು ಬಡಿದೆ. ಮೇಷ್ಟ್ರು ನನ್ನನ್ನು ಹಜಾರದೊಳಗೆ ಕರೆದು ಟೈಲ್ಸಿನ ಮೇಲೆ ನಿಲ್ಲಿಸಿದರು. ಚಪ್ಪಲಿ ಸಮೇತ! ಆಗಲೇ ಗೊತ್ತಾಯಿತು, ಪರಿಸ್ಥಿತಿ ಕೈಮೀರಿದೆ ಅಂತ.

"ಸರ್, ಶೋಧಕ ಅಂದ್ರೆ ಹುಡುಕೋದಲ್ಲ. ಶೋಧಿಸೋದು!"

ಮೇಷ್ಟ್ರ ಕಣ್ಣು ಅಗಲವಾಯಿತು. "ಹುಡುಕೋದು ಬೇರೆ, ಶೋಧಿಸೋದು ಬೇರೆ! ಎಂಥ ಸೂಕ್ಷ್ಮವಯ್ಯಾ! ಕಳೆದುಹೋದದ್ದನ್ನ ಹುಡುಕ್ತೀವಿ, ಅಡಗಿರೋದನ್ನ ಶೋಧಿಸ್ತೀವಿ. ಮೂವತ್ತು ವರ್ಷ ಪಾಠ ಹೇಳಿದೋನು ನಾನು, ನನಗೇ ಹೊಳೀಲಿಲ್ಲ. ಲೇ, ಕೇಳಿದ್ಯಾ?" ಎಂದು ಒಳಗಿದ್ದ ಹೆಂಡತಿಯನ್ನು ಕೂಗಿದರು. ಅವರ ಹೆಂಡತಿ ಬಂದು ನನ್ನನ್ನು ನೋಡಿ, ನನ್ನ ಚಪ್ಪಲಿಯನ್ನು ನೋಡಿ, ಕಣ್ಣೊರೆಸಿಕೊಂಡರು. ಅದು ಭಕ್ತಿಯೋ ದುಃಖವೋ ನಾನು ಹೇಳಲಾರೆ.

ಮನೆಗೆ ಬಂದರೆ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಎಲ್ಲಿಗ್ ಹೋಗಿದ್ರಿ?"

"ನಿಜ ಹೇಳೋಕೆ. ಅದು ಫಿಲ್ಟರ್ ಅಂತ."

"ಹೇಳಿದ್ರಾ?"

"ಇಲ್ಲ, ಅವರು ಬಿಡ್ಲಿಲ್ಲ."

"ಒಳ್ಳೇದಾಯ್ತು. ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೊಳ್ಳಿ." ಅವಳು ತಗ್ಗಿದ ಭುಜವನ್ನು ನನ್ನೆದುರು ಹಿಡಿದಳು. "ಎರಡು ವರ್ಷ ಈ ಜನ ಒಂದು ಜಾಗಕ್ಕೆ ಒಪ್ಪಿರ್ಲಿಲ್ಲ. ಇವತ್ತು ಒಪ್ಪಿದ್ದಾರೆ. ನೀವು ಬಾಯಿಬಿಟ್ರೆ ಮತ್ತೆ ಗೇಟು, ಮೂಲೆ, ಕಾರು, ಗಿಡ. ಬಕೆಟ್ ಹೊರೋರು ನೀವಾ?"

"ನೀರು ಬರ್ದೇ ಇದ್ರೆ? ಇರೋದು ಒಂದೇ ಅನುಮತಿ ಕಣೇ! ಜೀವನಪೂರ್ತಿ ನನ್ನ ಮುಖಕ್ಕೆ ಉಗೀತಾರೆ."

"ಉಗಿಯೋಕೂ ಬಾಯಲ್ಲಿ ನೀರಿರ್ಬೇಕಲ್ಲ," ಎಂದು ದೀಪ ಆರಿಸಿದಳು. ನಾನು ಕತ್ತಲಲ್ಲಿ ಅವಳ ಸೆರಗು ಹುಡುಕಿದೆ. ಶೋಧಿಸಿದೆ ಅಂದರೂ ಆದೀತು.

ನಿದ್ದೆ, ಊಟ ಎರಡೂ ಕೆಟ್ಟವು. ಅಂಗಡಿಯಲ್ಲಿ ಒಬ್ಬರ ಎಡಗಣ್ಣಿನ ಗಾಜು ಬಲಗಣ್ಣಿಗೆ ಕೂರಿಸಿ ಕಳಿಸಿದೆ, ಅವರು ಬಾಗಿಲೆಂದು ಗೋಡೆಗೆ ಹೋದರು. ಕಟ್ಟಡದಲ್ಲಿ ಮೆಟ್ಟಿಲು ಹತ್ತುವಾಗ ಜನ ದಾರಿ ಬಿಟ್ಟು ನಿಲ್ಲುತ್ತಿದ್ದರು. ಕಾರಿನವರು ಒಮ್ಮೆ ಮೆಲ್ಲಗೆ ಹತ್ತಿರ ಬಂದು, "ಕಾರಿನ ಕೀ ಕಳ್ದಿದೆ, ಸ್ವಲ್ಪ ನೋಡ್ತೀರಾ?" ಎಂದರು. ಅದು ಅವರ ಕೈಯಲ್ಲೇ ಇತ್ತು, ಹೇಳಿದೆ. ಅದೂ ಪವಾಡವೆಂದು ಗುಂಪಿನಲ್ಲಿ ಬಂತು.

ಭಾನುವಾರ ಬೆಳಕು ಹರಿಯುವ ಮೊದಲೇ ಲಾರಿ ಬಂತು. ಮೇಷ್ಟ್ರು ನನ್ನನ್ನು ಕರೆಸಿ, ದೀಪ ಕಟ್ಟಿಸಿ, ಹೊತ್ತಿಸಿ, ಸುಣ್ಣದ ಗೆರೆಯ ಪಕ್ಕ ನಿಲ್ಲಿಸಿದರು. "ಕೊರೆಯೋದು ಮುಗಿಯೋವರೆಗೂ ದೀಪ ಆರಿಸ್ಬೇಡ. ಲಕ್ಷಣ ತಪ್ಪಬಾರ್ದು." ಫಿಲ್ಟರನ್ನು ಅವರದೇ ಶಾಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ಆಗ ಗೇಟಿನ ಬಳಿ ಹಾರನ್ ಕೇಳಿಸಿತು. ಭಾಮೈದ! ಜೀಪಿನ ತುಂಬ ಬೆಟ್ಟದ ಜನ.

"ಭಾವಾ, ಹೊರಡೋಣ್ವಾ? ಅರೆ, ಹಗಲಲ್ಲೇ ದೀಪ ಹಾಕ್ಕೊಂಡಿದ್ದೀರಲ್ಲ! ಅಷ್ಟೊಂದು ಭಯಾನಾ?"

ಅವನ ಮಾತು ಮುಗಿಯುವುದರೊಳಗೆ ನರ್ಸಮ್ಮ ಅವನ ತೋಳು ಹಿಡಿದು ಪಕ್ಕಕ್ಕೆಳೆದಳು. "ಷ್! ನಿಮ್ಮ ಭಾವ ಯಾರು ಅಂದ್ಕೊಂಡಿದ್ದೀರಿ?" ಏನು ಹೇಳಿದಳೋ, ಅವನು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತ ನಿಂತ. ಮದುವೆಯಾದಂದಿನಿಂದ ಅವನು ನನ್ನನ್ನು ಹಾಗೆ ನೋಡಿರಲಿಲ್ಲ. ನಿಜ ಹೇಳುತ್ತೇನೆ, ಆ ಒಂದು ನೋಟಕ್ಕಾಗಿ ಇನ್ನೂ ಸ್ವಲ್ಪ ಹೊತ್ತು ಸುಮ್ಮನಿರೋಣ ಅನ್ನಿಸಿತು.

ಯಂತ್ರ ಗುಡುಗಿತು. ಧೂಳೆದ್ದಿತು. ಕೊರೆಯುವವನು ಎಲೆಯಡಿಕೆ ಬಾಯಿಗೆ ಹಾಕುವಷ್ಟು ಹೊತ್ತೂ ಆಗಿರಲಿಲ್ಲ, ಒಳಗೆ ಏನೋ ಕಟಾರನೆ ಮುರಿಯಿತು. ಆಮೇಲೆ ಬುಸ್ಸೆಂದು ಕಂದುಬಣ್ಣದ ನೀರಿನ ಕಂಬವೊಂದು ಎದ್ದು, ನರ್ಸಮ್ಮನ ಕಿಟಕಿಯನ್ನು ತೊಳೆದು, ನಮ್ಮೆಲ್ಲರ ತಲೆಯ ಮೇಲೆ ಬಿತ್ತು.

ಆ ಕೂಗು, ಆ ಕುಣಿತ! ಕಾರಿನವರೂ ಗಿಡದವರೂ ತಬ್ಬಿಕೊಂಡರು. ಮೇಷ್ಟ್ರು ಒದ್ದೆಯಾಗಿ ನಿಂತು "ಜಲ! ಜಲ!" ಎನ್ನುತ್ತಿದ್ದರು. ಭಾಮೈದ ಬಂದು ನನ್ನನ್ನು ಎತ್ತೇಬಿಟ್ಟ. "ಭಾವಾ! ನೀವು ಇದನ್ನ ಒಂದು ಮಾತು ಹೇಳ್ಲೇ ಇಲ್ವಲ್ಲ!"

ಕೊರೆಯುವವನು ಮಾತ್ರ ತಲೆ ಕೆರೆದುಕೊಂಡ. "ಸ್ವಾಮೀ, ಇಷ್ಟು ಮೇಲೇ ನೀರು ಬರಲ್ಲ. ಇದು ಭೂಮಿ ನೀರಲ್ಲ. ಯಾವುದೋ ಪೈಪು ಒಡೆದೋಗಿದೆ." ಅವನ ಮಾತು ಯಾರೂ ಕೇಳಿಸಿಕೊಳ್ಳಲಿಲ್ಲ. ನಾನೊಬ್ಬನೇ ಕೇಳಿಸಿಕೊಂಡೆ.

ಜನ ಬಕೆಟ್ ತುಂಬಿಕೊಳ್ಳುತ್ತಿದ್ದರು. ಕೆಸರು ನೀರು. ನೋಡಿ ನನಗೆ ಎಲ್ಲಿಲ್ಲದ ಧೈರ್ಯ ಬಂತು. ಇದೇ ತಾನೇ ನನಗೆ ಬೇಕಾಗಿದ್ದ ಕೊಳಕು ನೀರು! ಈಗ ಮಾಡಿ ತೋರಿಸಿದರೆ ಎಲ್ಲರಿಗೂ ತಾನಾಗಿಯೇ ಗೊತ್ತಾಗುತ್ತದೆ. ಶಾಲು ಬಿಚ್ಚಿ, ಚೀಲ ತೆಗೆದು, "ಕುಡೀಬೇಡಿ, ಇರಿ! ನಾನು ಶೋಧಿಸಿ ಕೊಡ್ತೀನಿ!" ಎಂದು ಬಕೆಟಿಗೆ ಕೈಹಾಕಿದೆ.

"ಶೋಧಿಸಿದ್ದಾಯ್ತಲ್ಲಪ್ಪಾ, ಇನ್ನೇನು ಶೋಧಿಸೋದು!" ಎಂದು ನಕ್ಕು ನರ್ಸಮ್ಮ ಬಕೆಟ್ ಎಳೆದುಕೊಂಡಳು. "ಅಯ್ಯಯ್ಯೋ, ಅದನ್ನ ಕೆಸರಲ್ಲಿ ಅದ್ದಬೇಡಿ, ಶಕ್ತಿ ಹೋಗ್ಬಿಡುತ್ತೆ!" ಎಂದು ಮೇಷ್ಟ್ರು ಚೀಲ ಕಿತ್ತುಕೊಂಡು ಮತ್ತೆ ಶಾಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡರು. ನೀರನ್ನು ಶುದ್ಧಮಾಡುವ ಪ್ರಪಂಚದ ಏಕೈಕ ಸಾಧನ ನೀರು ಮುಟ್ಟದ ಹಾಗೆ ಕಾಪಾಡಲ್ಪಟ್ಟಿತು.

ಅಷ್ಟರಲ್ಲಿ ನೀರಿನ ಇಲಾಖೆಯ ಇಂಜಿನಿಯರ್ ಬಂದಿಳಿದರು. ಪಕ್ಕದ ಬೀದಿಗೆಲ್ಲ ನೀರು ಬರುವುದೇ ನಿಂತುಹೋಗಿತ್ತಂತೆ. "ಯಾರ್ರೀ ಅದು ಪೈಪ್ ಒಡೆದೋರು?" ಎಂದು ಗುಡುಗುತ್ತ ಗುಂಡಿಯೊಳಗೆ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಇನ್ನಷ್ಟು ಬಗ್ಗಿದರು. ಎದ್ದಾಗ ಸಿಟ್ಟು ಇಳಿದುಹೋಗಿತ್ತು.

"ಇದು ಹಳೇ ಲೈನು. ನಮ್ಮ ನಕ್ಷೇಲೇ ಇಲ್ಲ! ಪೂರ್ತಿ ತುಕ್ಕು ಹಿಡಿದು ಸೋರ್ತಿದೆ. ನಿಮ್ಮ ಬೀದಿ ನೀರು ಎಲ್ಲಿ ಮಾಯ ಆಗ್ತಿದೆ ಅಂತ ಎರಡು ವರ್ಷದಿಂದ ಹುಡುಕ್ತಿದ್ವಿ. ಇದನ್ನ ಪತ್ತೆ ಮಾಡಿದ್ದು ಯಾರು?"

ಇಡೀ ಅಂಗಳದ ಬೆರಳುಗಳು ನನ್ನ ಕಡೆ ತಿರುಗಿದವು.

ಇಂಜಿನಿಯರ್ ನನ್ನೆದುರು ಟೋಪಿ ತೆಗೆದರು. "ಸಾರ್, ನಿಮ್ಮಂಥೋರು ಸಿಕ್ಕಿದ್ದು ನಮ್ಮ ಪುಣ್ಯ. ಇಲ್ಲಿ ಮುಚ್ಚಿಸಿಬಿಡ್ತೀನಿ. ಆದ್ರೆ ಒತ್ತಡ ನೋಡಿದ್ರೆ ಇದೇ ಲೈನು ಹತ್ತಿರದಲ್ಲೇ ಇನ್ನೊಂದು ಕಡೆ ಒಡೆದಿದೆ. ಅದು ಸಿಗೋವರೆಗೂ ನಲ್ಲಿಗೆ ನೀರು ಬಿಡೋಕಾಗಲ್ಲ. ಎಲ್ಲಿ ಅಗೀಬೇಕು ಹೇಳಿ, ಈಗಲೇ ಅಗಿಸ್ತೀನಿ."

"ಅದೇನ್ ದೊಡ್ಡದು, ನಮ್ಮ ಭಾವ ಹೇಳ್ತಾರೆ," ಎಂದ ಭಾಮೈದ, ಎದೆ ಸೆಟೆಸಿ.

"ನಂಗೊತ್ತಿಲ್ಲ ಸಾರ್," ಎಂದೆ. ಅದಕ್ಕಿಂತ ನಿಜವಾದ ಮಾತು ನಾನು ಆಡಿದ್ದಿಲ್ಲ. ಹೇಳಿ, ಯಾರ ಮುಖವನ್ನೂ ನೋಡಲಾಗದೆ ತಿರುಗಿದೆ. ತಿರುಗಿದಲ್ಲಿ ಮೇಷ್ಟ್ರ ಮನೆಯ ತೆರೆದ ಬಾಗಿಲಿತ್ತು, ಅದರಾಚೆ ಹಜಾರ, ಅದರಲ್ಲಿ ಮಿರುಗುವ ಟೈಲ್ಸ್. ಬೆಳಗಿನಿಂದ ಉರಿಯುತ್ತಿದ್ದ ದೀಪ ಸರಿಯಾಗಿ ಆಗಲೇ ಸುಸ್ತಾಗಬೇಕೇ? ಮಿಣುಕ್, ಮಿಣುಕ್, ಮಿಣುಕ್.

"ಕೆಂಪು ಬಂತು!" ಎಂದರು, ಅಂದೂ ಎತ್ತಿ ತಂದು ಕೂರಿಸಿದ್ದ ಅಜ್ಜ.

ಎಲ್ಲರೂ ನನ್ನ ಹಣೆಯಿಂದ ಹಜಾರಕ್ಕೆ, ಹಜಾರದಿಂದ ಮೇಷ್ಟ್ರ ಮುಖಕ್ಕೆ ನೋಡಿದರು. ಒಳಗಿನಿಂದ ಅವರ ಹೆಂಡತಿ "ಅಯ್ಯೋ" ಅಂದದ್ದು ಕೇಳಿಸಿತು. ಮೇಷ್ಟ್ರ ಮೂಗಿನ ತುದಿ ಬೆಳ್ಳಗಾಯಿತು. ಕಂಕುಳಲ್ಲಿದ್ದ ಶಾಲಿನ ಗಂಟನ್ನು ಎದೆಗೊತ್ತಿಕೊಂಡರು. "ಶೋಧಕನ ಮಾತು ತಪ್ಪಲ್ಲ," ಎಂದರು. "ಅಗೀರಿ."

ಪಿಕಾಸಿ ಹಿಡಿದವರು ಹೊಸ್ತಿಲು ದಾಟಿದರು.

ಆಗ ನನ್ನಿಂದ ತಡೆಯಲಾಗಲಿಲ್ಲ. ಭಾಮೈದನ ನೋಟ ಹೋದರೆ ಹೋಗಲಿ. ಎರಡೂ ಕೈ ಎತ್ತಿ ಕಿರುಚಿದೆ. "ನಿಲ್ಲಿ! ನಿಲ್ಲಿಸಿ! ದೀಪದ ಚಾರ್ಜ್ ಮುಗಿದಿದೆ ಅಷ್ಟೇ! ಅದು ಬರೀ ಫಿಲ್ಟರ್! ಫಿಲ್ಟರ್ ಸಾರ್, ಫಿಲ್ಟರ್!"

ಪಿಕಾಸಿಗಳು ಗಾಳಿಯಲ್ಲೇ ನಿಂತವು. ಹಿಂದಿನಿಂದ ಹೆಂಡತಿ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. ಮೇಷ್ಟ್ರು ಮೆಲ್ಲಗೆ ನನ್ನ ಹತ್ತಿರ ಬಂದರು. ಬೇರೆ ದಿನವಾಗಿದ್ದರೆ ಗದರುತ್ತಿದ್ದರು, ಆಗ ಅವರ ಕಣ್ಣಲ್ಲಿ ಇದ್ದದ್ದು ಆಸೆ.

"ಪರಭಾಷೆ ಪದ ಬೇಡಯ್ಯಾ," ಎಂದರು ಬೇಡಿಕೊಳ್ಳುವ ಹಾಗೆ. "ನಮ್ಮ ಮಾತಲ್ಲಿ ಹೇಳು. ಅದು ಏನು?"

ಈಗ ಬರೆಯಲು ಕೂತಾಗ ನೋಡಿ, ಪದಗಳು ಸಾಲಾಗಿ ಬಂದು ನಿಲ್ಲುತ್ತಿವೆ. ಸೋಸುವುದು, ಸೋಸಣಿಗೆ, ಜರಡಿ, ಸೋಸುವ ಬಟ್ಟೆ. ಅಮ್ಮ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತುಗಳು. ಆ ಹೊತ್ತಿಗೆ ಒಂದೂ ಬರಲಿಲ್ಲ. ಎದುರಿಗೆ ಮೇಷ್ಟ್ರು, ಪಕ್ಕದಲ್ಲಿ ಕೆಸರು ನೀರಿನ ಬಕೆಟ್ ಹಿಡಿದ ಜನ, ಹಜಾರದಲ್ಲಿ ಎತ್ತಿದ ಪಿಕಾಸಿ, ಹಣೆಯ ಮೇಲೆ ಮಿಣುಕುತ್ತಲೇ ಇರುವ ಕೆಂಪು. ನಾಲಿಗೆ ತಾನಾಗಿಯೇ ಹೊರಳಿತು.

"ಜಲಶೋಧಕ," ಅಂದೆ.

ಪಿಕಾಸಿ ಬಿತ್ತು. ಮೊದಲ ಟೈಲ್ಸ್ ಒಡೆದ ಸದ್ದಾಯಿತು. ಅದರ ಹಿಂದೆಯೇ, ನೆಲದಡಿಯಿಂದ, ಸಣ್ಣಗೆ ಬುಸ್ ಎಂದು ಏನೋ ಕೇಳಿಸಿದ ಹಾಗಾಯಿತು. ಅಥವಾ ಅದು ನನ್ನ ಉಸಿರೋ? ಜೀಪಿನವರು ಹಾರನ್ ಹೊಡೆಯುತ್ತಿದ್ದಾರೆ, ಇಂಜಿನಿಯರ್ ಪಕ್ಕದ ಬೀದಿಯ ಸೋರಿಕೆಯನ್ನೂ ಪತ್ತೆಹಚ್ಚಿಸಲು ಕಾರಿನ ಬಾಗಿಲು ತೆರೆದು ಹಿಡಿದಿದ್ದಾರೆ, ಮೇಷ್ಟ್ರು ನನ್ನ ಬಾಯನ್ನೇ ನೋಡುತ್ತಿದ್ದಾರೆ. ಹೇಳಿ, ಅಲ್ಲಿ ನಿಂತವರು ನೀವಾಗಿದ್ದರೆ, ಮುಂದಿನ ಪಿಕಾಸಿ ಬೀಳುವುದರೊಳಗೆ ಏನು ಮಾಡುತ್ತಿದ್ದಿರಿ?